ಗುಲ್‌ಮೊಹರಿನ ಗುಳಿಗ

ಮರಕ್ಕೆ ಕಿವಿಯಿಟ್ಟು ನಿಂತವನನ್ನು ನೋಡಿ ಮುಲುಂಡಿನಲ್ಲಿ ಈಗ ಯಾರೂ ನಗುವುದಿಲ್ಲ. ಮೇ ತಿಂಗಳ ಚಂಡಮಾರುತ ಬೀಸಿಹೋದ ಮೇಲೆ ಜನ ಮರಗಳನ್ನು ನೋಡುವ ಕಣ್ಣೇ ಬೇರೆಯಾಗಿದೆ. ನಿನ್ನೆಯವರೆಗೆ ನೆರಳಾಗಿದ್ದದ್ದು ಇವತ್ತು ಮನೆಗೆ ಬಂದ ಹೊಸ ಬಾಡಿಗೆದಾರನ ಹಾಗೆ, ಒಳಗೇನಿದೆಯೋ ಎಂಬ ಗುಮಾನಿ ಹುಟ್ಟಿಸುತ್ತದೆ. ಹಾಗಾಗಿ ಖಾಕಿ ಸಫಾರಿ ತೊಟ್ಟ ಪೂವಪ್ಪ ಸುತ್ತಿಗೆಯ ಹಿಂಬದಿಯಿಂದ ಗುಲ್‌ಮೊಹರಿನ ಬೊಡ್ಡೆಗೆ ಅಲ್ಲಲ್ಲಿ ಬಡಿದು, ಕಿವಿಗೊಟ್ಟು, ಕಣ್ಣು ಮುಚ್ಚಿ, ನಿಟ್ಟುಸಿರು ಬಿಟ್ಟು ತಲೆಯಾಡಿಸಿದಾಗ ಸೊಸೈಟಿಯ ವಾಚ್‌ಮನ್ ಕುರ್ಚಿಯಿಂದ ಎದ್ದೇ ನಿಂತ. ಮೇಲೆ ಮರ ಕೆಂಪಗೆ ಹೂ ಬಿಟ್ಟಿತ್ತು. ಕೆಳಗೆ ಬೊಡ್ಡೆಗೆ ಬೆನ್ನು ಕೊಟ್ಟು ಹಲಗೆಯ ಮೇಲೆ ಮೆಂತ್ಯ, ಕೊತ್ತಂಬರಿ, ನಿಂಬೆಹಣ್ಣು ಹರಡಿಕೊಂಡು ಕೂತ ಹೆಂಗಸು ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದಳು. ಎಲ್ಲವೂ ದಿನದಂತೆಯೇ ನಡೆದಿತ್ತು. ಬಡಿತ ಅದೇ, ನಿಟ್ಟುಸಿರು ಅದೇ, ತಲೆಯಾಡಿಸಿದ್ದೂ ಅದೇ. ಒಂದೇ ವ್ಯತ್ಯಾಸವೆಂದರೆ ಈ ಮರ ನಿಜಕ್ಕೂ ಪೊಳ್ಳಾಗಿತ್ತು. ಪೂವಪ್ಪ ಕಣ್ಣು ತೆರೆದು ಇನ್ನೊಮ್ಮೆ ಬಡಿದ. ಬಡಿತ ಒಳಗೆ ಹೋಗಿ ಎಲ್ಲೂ ತಾಗದೆ ಹಾಗೇ ಇಳಿದುಹೋಯಿತು. ಅವನಿಗೆ ಮೈ ಬೆವರಿತು. ನಿಟ್ಟುಸಿರನ್ನು ಮೊದಲೇ ಬಿಟ್ಟಾಗಿದ್ದರಿಂದ ಈಗ ಮಾಡಲು ಬೇರೇನೂ ಉಳಿದಿರಲಿಲ್ಲ.

ಅವನಿಗೆ ಈ ಕಿವಿ ಬಂದದ್ದು ಮರದಿಂದಲ್ಲ, ತೆಂಗಿನಕಾಯಿಯಿಂದ. ಭಾಂಡುಪ್ ಸ್ಟೇಷನ್ನಿನ ಹತ್ತಿರದ ಹೋಟೆಲೊಂದರ ಸ್ಟೋರಿನಲ್ಲಿ ಅರ್ಧ ಆಯುಷ್ಯ ಕೂತು, ಗೋಣಿಗಟ್ಟಲೆ ಕಾಯಿ ಬಡಿದು, ಬಲಿತದ್ದು ಬೇರೆ ಕೊಳೆತದ್ದು ಬೇರೆ ಎಂದು ರಾಶಿ ಹಾಕಿದವನು. ಕೊಳೆತದ್ದನ್ನೂ ಚಟ್ನಿಗೆ ಹಾಕು ಎಂದು ಧಣಿ ಹೇಳಿದಾಗ ಹಾಕಿದವನೂ ಅವನೇ. ಒಂದು ಸಲ ಮಾತ್ರ ಯಾಕೋ ಬಾಯಿ ತಡೆಯದೆ, 'ಇದು ಬೇಡ ಧಣಿ, ಜನಕ್ಕೆ ಹೊಟ್ಟೆ ಕೆಡ್ತದೆ' ಅಂದಿದ್ದ. ಧಣಿ ಗಿರಾಕಿಗಳ ಎದುರೇ ನಕ್ಕು, 'ನಿನ್ನೆವರೆಗೆ ಕೆಡದ ಹೊಟ್ಟೆ ಇವತ್ತು ಕೆಡ್ತದಾ ಪೂವಪ್ಪ?' ಎಂದಿದ್ದರು. ಆ ನಗುವಿಗೆ ಗಲ್ಲಾದ ಮೇಲಿದ್ದ ಧನರಾಜನೂ ನಕ್ಕಿದ್ದ. ಆಮೇಲೆ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗಿ, ಹೋಟೆಲು ಮುಚ್ಚಿ, ಧಣಿ ಊರಿಗೂ ಉಳಿದವರು ಬೀದಿಗೂ ಸೇರಿದರು. ಚಂಡಮಾರುತದ ಮಾರನೆಯ ಬೆಳಿಗ್ಗೆ ಧನರಾಜ ಫೋನ್ ಮಾಡಿ, 'ಪೂವಪ್ಪಣ್ಣಾ, ಈ ಗಾಳಿ ನಮಗೆ ಅಂತಲೇ ಬಂದದ್ದು ಮಾರಾಯ್ರೆ' ಎಂದ. ಉಪಾಯ ಸರಳವಾಗಿತ್ತು. ಪೂವಪ್ಪ ಮುನಿಸಿಪಾಲಿಟಿಯ ಮರದ ಸಾಹೇಬ, ಧನರಾಜ ಅವನ ಕಂತ್ರಾಟುದಾರ. ಗಟ್ಟಿಮುಟ್ಟಾಗಿ ನಿಂತ ಮರವನ್ನು ಬಡಿದು ಪೊಳ್ಳೆನ್ನುವುದು, ಹೆದರಿದ ಸೊಸೈಟಿಯಿಂದ ದುಡ್ಡು ಎತ್ತುವುದು, ಮರ ಕಡಿದು ಬೇಕರಿಯ ಒಲೆಗೆ ಮಾರುವುದು. ನಿಜವಾಗಿ ಪೊಳ್ಳಾದ ಮರ ಅವರಿಗೆ ಬೇಡವೇ ಬೇಡ. ಅದರಲ್ಲಿ ಸೌದೆ ಹುಟ್ಟುವುದಿಲ್ಲ. ಕಡಿದ ಗಟ್ಟಿ ಮರದ ಬೊಡ್ಡೆಯಿಂದ ಹಸಿಸೌತೆಯಂಥ ವಾಸನೆ ಬರುತ್ತಿತ್ತು. ಆ ವಾಸನೆ ಕೈಗೆ ಹತ್ತಿಕೊಂಡು, ಭಾಂಡುಪಿನ ಚಾಳಿಗೆ ಹಿಂದಿರುಗಿ ಊಟಕ್ಕೆ ಕೂತಾಗ ಸಾರಿನ ವಾಸನೆಯನ್ನೂ ಮುಚ್ಚುತ್ತಿತ್ತು. ಹೆಂಡತಿ ವಿನೋದಿನಿ, 'ಎಂತ, ಕೈ ಮೂಸಿಕೊಂಡು ಕೂತದ್ದು?' ಎಂದರೆ ಅವನು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದ.

ಗುಲ್‌ಮೊಹರಿನ ವ್ಯವಹಾರ ಕುದುರಲಿಲ್ಲ. ಸೊಸೈಟಿಯ ಸೆಕ್ರೆಟರಿ ಸುಹಾಸ ಎಂಬವರು ರಿಟೈರಾದವರು, ಹಠದವರು. 'ಬಾರಿಶ್ ಕೆ ಬಾದ್ ದೇಖೇಂಗೇ' ಎಂದು, ಮಳೆಗಾಲ ಮುಗಿಯುವವರೆಗೆ ಮರದ ಸುದ್ದಿಯೇ ಬೇಡವೆಂದು ಧನರಾಜನನ್ನು ಬಾಗಿಲಿಂದಲೇ ಕಳಿಸಿದರು. ಧನರಾಜನಿಗೆ ಬೇಸರವೇನಿಲ್ಲ. 'ಬಿಡಿ, ಮರಕ್ಕೆ ಬರವಾ ಮುಂಬಯಿಯಲ್ಲಿ?' ಎಂದು ಬೈಕ್ ಚಾಲೂ ಮಾಡಿದ. 'ಅದು ಬೀಳ್ತದೆ ಧನರಾಜ' ಎಂದ ಪೂವಪ್ಪ. 'ಹೌದು ಹೌದು, ಎಲ್ಲವೂ ಬೀಳ್ತದೆ' ಎಂದು ಧನರಾಜ ಕಣ್ಣು ಮಿಟುಕಿಸಿದ. 'ಅಲ್ಲ ಮಾರಾಯಾ, ಇದು ನಿಜವಾಗಿ ಬೀಳ್ತದೆ.' ಧನರಾಜ ಬೈಕಿನ ಕನ್ನಡಿಯಲ್ಲಿ ಅವನ ಮುಖ ನೋಡಿ, 'ವಾ! ಇದೇ ಮುಖವನ್ನು ಸೆಕ್ರೆಟರಿಗೆ ತೋರಿಸಿದ್ದರೆ ಆಗ್ತಿತ್ತು' ಎಂದು ಮೆಚ್ಚಿದ. ಪೂವಪ್ಪ ತಿರುಗಿ ನೋಡಿದ. ಮರ ರಸ್ತೆಯ ಕಡೆಗೆ ವಾಲಿತ್ತು. ವಾಲಿದ ಕಡೆಯಲ್ಲೇ ಆ ಹೆಂಗಸು ಗಿರಾಕಿಯೊಬ್ಬಳ ಜೊತೆ ನಿಂಬೆಹಣ್ಣಿಗಾಗಿ ಜಗಳವಾಡುತ್ತಿದ್ದಳು.

ಅವಳ ಗೊಡವೆ ತನಗೇಕೆ ಎಂದು ಅವನು ಲೋಕಲಿನಲ್ಲಿ, ಚಾಳಿನ ನಲ್ಲಿಯ ಸಾಲಿನಲ್ಲಿ, ಮತ್ತೊಂದು ಸೊಸೈಟಿಯ ಗಟ್ಟಿ ಮರಕ್ಕೆ ಕಿವಿಯಿಟ್ಟು ನಿಂತಾಗಲೂ ಕೇಳಿಕೊಂಡ. ಗೊಡವೆ ಏನೂ ಇರಲಿಲ್ಲ. ಅವಳಿಗೆ ಅವನು ಸಂಬಂಧಿಯಲ್ಲ, ಸಾಲಗಾರನಲ್ಲ. ದಯೆಯೂ ಅಲ್ಲ ಅದು. ದಯಾಳುವಾಗಿದ್ದರೆ ಕೊಳೆತ ಕಾಯಿಯ ಚಟ್ನಿ ರುಬ್ಬಿಸುತ್ತಿರಲಿಲ್ಲ. ಹಲ್ಲಿನ ಸಂದಿಯಲ್ಲಿ ಸಿಕ್ಕ ಅಡಿಕೆಚೂರಿನ ಹಾಗೆ ಒಂದು ನಿಜ ಒಳಗೆ ಸಿಕ್ಕಿಕೊಂಡಿತ್ತು, ನಾಲಿಗೆ ಸುಮ್ಮನೆ ಅಲ್ಲಿಗೇ ಹೋಗುತ್ತಿತ್ತು. ಮುನಿಸಿಪಾಲಿಟಿಗೆ ಫೋನ್ ಮಾಡಿದ. ಆ ಕಡೆಯಿಂದ ಬಹಳ ವಿನಯದಿಂದ ಹೆಸರು, ವಿಳಾಸ ಕೇಳಿದರು. ಮುನಿಸಿಪಾಲಿಟಿಯ ಸಾಹೇಬನಾಗಿ ಮೆರೆಯುತ್ತಿದ್ದವನು ಫೋನ್ ಇಟ್ಟುಬಿಟ್ಟ. ಕೊನೆಗೆ ಒಂದು ಬೆಳಿಗ್ಗೆ ತನಗೆ ಜ್ವರವೆಂದು ಧನರಾಜನಿಗೆ ಹೇಳಿ, ಸಫಾರಿಗೆ ಇಸ್ತ್ರಿ ಹಾಕಿಸಿಕೊಂಡು ಸೆಕ್ರೆಟರಿಯ ಮನೆಯ ಗಂಟೆ ಒತ್ತಿದ. ಸುಹಾಸರು ಬನಿಯನ್ನಿನಲ್ಲಿ ಬಂದು ಬಾಗಿಲು ಅರ್ಧ ತೆರೆದರು. ಪೂವಪ್ಪ ಮರ ಕಡಿಸಿಕೊಡುತ್ತೇನೆ, ಒಂದು ಪೈಸೆ ಬೇಡ ಎಂದ. ಸುಹಾಸರ ಮುಖ ಆಗ ಬದಲಾಯಿತು. 'ಫ್ರೀ ಮೇ? ಕ್ಯೂಂ?' ಎಂದರು. ಪೂವಪ್ಪ, 'ಮರ ಬೀಳುತ್ತದೆ, ಕೆಳಗೆ ಆ ಹೆಂಗಸು ಕೂರುತ್ತಾಳೆ' ಎಂದು ತನ್ನ ಮುರುಕು ಹಿಂದಿಯಲ್ಲಿ ಹೇಳಿದ. ಹೇಳುವಾಗ ತನ್ನ ದನಿ ತನಗೇ ಕಳ್ಳದನಿಯಂತೆ ಕೇಳಿಸಿತು. ಸುಹಾಸರು ಕನ್ನಡಕ ಹಾಕಿಕೊಂಡು, 'ಐಡಿ ಕಾರ್ಡ್ ದಿಖಾಯಿಯೇ' ಎಂದರು. ಇಷ್ಟು ದಿನ ದುಡ್ಡು ಎತ್ತುವಾಗ ಒಬ್ಬನೂ ಅವನ ಕಾರ್ಡು ಕೇಳಿರಲಿಲ್ಲ. ಅವನು ಜೇಬು ತಡವಿದಂತೆ ಮಾಡಿ, ಕಾರಿನಲ್ಲಿ ಉಳಿಯಿತೆಂದು ಇಲ್ಲದ ಕಾರಿನ ಕಡೆಗೆ ಕೈ ತೋರಿಸಿ, ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದ. ಮೇಲಿನಿಂದ ಸುಹಾಸರು ವಾಚ್‌ಮನ್ನನಿಗೆ ಇವನನ್ನು ಇನ್ನು ಒಳಗೆ ಬಿಡಬೇಡವೆಂದು ಕೂಗುತ್ತಿದ್ದರು.

ಬೆವರೊರೆಸಿಕೊಳ್ಳುತ್ತ ಗೇಟು ದಾಟಿದರೆ ಎದುರಿಗೇ ಆ ಹೆಂಗಸು. 'ಕನ್ನಡದಾವರಲ್ಲರಿ ನೀವು? ಅವತ್ತು ಫೋನಿನ್ಯಾಗ ಮಾತಾಡೂದು ಕೇಳಿದ್ನಿ' ಎಂದಳು. ಹೆಸರು ಸೋಮವ್ವ, ವಿಜಾಪುರದ ಕಡೆಯವಳು. ಗಂಡನ ಜೊತೆ ಗಾರೆ ಕೆಲಸಕ್ಕೆ ಬಂದು, ಗಂಡ ಸತ್ತ ಮೇಲೆ ಈ ಮರದಡಿ ಸೊಪ್ಪು ಹಾಕಿಕೊಂಡವಳು. ಪೂವಪ್ಪ ನೇರವಾಗಿ ಹೇಳಿಬಿಡಬಹುದಿತ್ತು. ಆದರೆ ಆಗಷ್ಟೇ ನಿಜ ಹೇಳಿ ಅದರ ರುಚಿ ಕಂಡು ಬಂದಿದ್ದ. ಸುಳ್ಳಿನಿಂದ ಇಷ್ಟು ಮರ ಬಿದ್ದಿವೆ, ಒಬ್ಬ ಹೆಂಗಸು ಏಳುವುದಿಲ್ಲವೇ ಎನ್ನಿಸಿತು. ಅವನ ಊರಿನ ಗುಡ್ಡದ ತಿರುವಿನಲ್ಲಿ ಒಂದು ಹಾಲೆಮರವಿತ್ತು. ಅದರಲ್ಲಿ ಗುಳಿಗ ಇದ್ದಾನೆ ಎಂದು ಅಪ್ಪ ಒಮ್ಮೆ ಹೇಳಿದ್ದೇ ಸಾಕಾಗಿ, ಶಾಲೆಗೆ ಹೋಗುವಾಗ ಬರುವಾಗ ಉಸಿರು ಬಿಗಿಹಿಡಿದು ಓಡುತ್ತಿದ್ದ. ದೊಡ್ಡವರೂ ನಡುಮಧ್ಯಾಹ್ನ ಆ ದಾರಿ ಬಿಟ್ಟು ಗದ್ದೆ ಬಳಸಿ ಹೋಗುತ್ತಿದ್ದರು. ಅಲ್ಲಿ ನಿಂತು ಬೀಡಿ ಹಚ್ಚಿದವನೊಬ್ಬ ರಕ್ತ ಕಾರಿದನಂತೆ. ಪೂವಪ್ಪ ದನಿ ತಗ್ಗಿಸಿ, 'ಅಕ್ಕಾ, ಒಂದು ಮಾತು. ಈ ಮರದಲ್ಲಿ ಗುಳಿಗ ಉಂಟು. ನನಗೆ ಇದೆಲ್ಲ ಗೊತ್ತಾಗ್ತದೆ. ಬಹಳ ಉಗ್ರ. ನೀವಿಲ್ಲಿ ಕೂತುಕೊಳ್ಬೇಡಿ' ಎಂದ.

ಸೋಮವ್ವ ಸೊಪ್ಪಿನ ಕಟ್ಟನ್ನು ಕೆಳಗಿಟ್ಟಳು. 'ಗುಳಿಗ ಅಂದ್ರ? ದೇವರೇನ್ರಿ?'

'ದೇವರೇ. ದೈವ. ಆದ್ರೆ ಹತ್ತಿರ ಹೋಗ್ಲಿಕ್ಕಿಲ್ಲ.'

'ಗಂಡದೇವರೋ, ಹೆಣ್ಣದೇವರೋ?'

ಇಂಥ ಪ್ರಶ್ನೆಯನ್ನು ಅವನ ಊರಿನಲ್ಲಿ ಯಾರೂ ಕೇಳುವುದಿಲ್ಲ. ಅವನು ತಡವರಿಸುತ್ತಿದ್ದಂತೆ ಸೋಮವ್ವ ತಲೆಯೆತ್ತಿ ಕೆಂಪು ಹೂಗಳನ್ನು ನೋಡಿದಳು. 'ಮೈತುಂಬ ಕುಂಕುಮಾ ಹಚ್ಕೊಂಡಾಳ. ನಮ್ಮ ದುರುಗವ್ವನಂಗ ಅದಾಳ' ಎಂದಳು. ದನಿಯಲ್ಲಿ ಭಯವಿರಲಿಲ್ಲ. ಏನೋ ಲೆಕ್ಕ ಹಾಕುವಂತೆ ಸ್ವಲ್ಪ ಹೊತ್ತು ಬೊಡ್ಡೆಯನ್ನೇ ನೋಡಿ, ಆಮೇಲೆ ಕೈಮುಗಿದು, ಅವನಿಗೆ ಎರಡು ನಿಂಬೆಹಣ್ಣು ಕೊಟ್ಟು ಕಳಿಸಿದಳು. ನಾಳೆ ಈ ಜಾಗ ಖಾಲಿಯಾಗಿರುತ್ತದೆ ಎಂದುಕೊಂಡ ಪೂವಪ್ಪ ರೈಲಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿದ್ದನ್ನೂ ತನ್ನ ಪುಣ್ಯಕ್ಕೆ ಬರೆದುಕೊಂಡ.

ಕರಾವಳಿಯವನು ಮಾತ್ರ ಮಾಡಬಹುದಾದ ತಪ್ಪು ಅದು. ಅವನ ಸೀಮೆಯಲ್ಲಿ ಉಗ್ರದೈವ ಇದೆಯೆಂದರೆ ಜನ ದಾರಿ ಬದಲಿಸುತ್ತಾರೆ. ಅವಳ ಸೀಮೆಯಲ್ಲಿ ಉಗ್ರದೇವಿ ಇದ್ದಾಳೆಂದರೆ ಜನ ಗಂಟುಮೂಟೆ ತಂದು ಅಲ್ಲೇ ಇಳಿಯುತ್ತಾರೆ. ಮುಂದಿನ ವಾರ ಹೋಗಿ ನೋಡಿದರೆ ಬೊಡ್ಡೆಯ ಬುಡದಲ್ಲಿ ಒಂದು ಗುಂಡುಕಲ್ಲು ಕೂತಿತ್ತು. ಅರಿಸಿನ, ಬೆಳ್ಳಿಯ ಕಣ್ಣು, ಹಸಿರು ಸೀರೆಯ ತುಂಡು. ಕೊಂಬೆಗಳಿಗೆ ಬಳೆ ಕಟ್ಟಿದ್ದರು. ಸೋಮವ್ವನ ಹಲಗೆಯ ಮೇಲೆ ಮೆಂತ್ಯ ಮೂಲೆಗೆ ಸರಿದು ನಿಂಬೆಹಣ್ಣು, ಊದಿನಕಡ್ಡಿ, ಬಾಳೆಹಣ್ಣು ಮುಂದೆ ಬಂದಿದ್ದವು. ರಿಕ್ಷಾದವರು, ಕಟ್ಟಡದ ಕೆಲಸಕ್ಕೆ ಹೋಗುವ ಕಲಬುರಗಿಯ ಹೆಂಗಸರು, ಹಾಲು ತರಲು ಬಂದ ಮರಾಠಿ ಅಜ್ಜಿಯರು ಎಲ್ಲರೂ ಸಾಲುಗಟ್ಟಿ, ಮರ ವಾಲಿದ ಕಡೆಯಲ್ಲೇ ನಿಂತಿದ್ದರು. ಗುಳಗವ್ವ ಎಂದು ಹೆಸರೂ ಆಗಿಹೋಗಿತ್ತು. ಒಬ್ಬಳನ್ನು ಎಬ್ಬಿಸಲು ಹೋದವನು ಊರನ್ನೇ ತಂದು ಕೂರಿಸಿದ್ದ. ಇನ್ನು ಈ ಮರಕ್ಕೆ ಕೊಡಲಿ ಹಾಕುವ ಗಂಡಸು ಮುಂಬಯಿಯಲ್ಲಿ ಹುಟ್ಟಬೇಕಾಗಿತ್ತು. ಸುದ್ದಿ ಕೇಳಿ ಓಡಿಬಂದ ಧನರಾಜ ಮಾತ್ರ ರಸ್ತೆಯ ಆಚೆ ನಿಂತು ಬಾಯಿ ತೆರೆದು ನೋಡಿದ. 'ಪೂವಪ್ಪಣ್ಣಾ, ನೀವು ಗುರು! ಬೀಳಿಸಿದ ಮರಕ್ಕೆ ಒಂದೇ ಸಲ ದುಡ್ಡು, ನಿಲ್ಲಿಸಿದ್ದಕ್ಕೆ ದಿನಾ ದುಡ್ಡು. ನನಗೆ ಮೊದಲೇ ಹೇಳ್ಲಿಕ್ಕಿಲ್ವಾ?' ಎಂದು ಅವನ ಬೆನ್ನು ತಟ್ಟಿದ.

ಜೂನಿನ ಮಳೆ ಹಿಡಿಯಿತು. ಪೂವಪ್ಪನಿಗೆ ನಿದ್ದೆ ಕೆಟ್ಟಿತು. ಬೇರಿನ ಮಣ್ಣು ಮೆತ್ತಗಾಗುವುದನ್ನು ಅವನು ಭಾಂಡುಪಿನಲ್ಲಿ ಕೂತೇ ಕೇಳಿಸಿಕೊಳ್ಳುತ್ತಿದ್ದ. ಎಲ್ಲಾದರೂ ಮರ ಬಿದ್ದ ಸುದ್ದಿ ಟೀವಿಯಲ್ಲಿ ಬಂದರೆ ತಟ್ಟೆ ಬಿಟ್ಟು ಏಳುತ್ತಿದ್ದ. ಅದು ಬೇರೆ ಮರವೆಂದು ತಿಳಿದಾಗ ಸಮಾಧಾನದ ಜೊತೆಗೆ ಒಂದು ಬಗೆಯ ನಿರಾಸೆಯೂ ಆಗುತ್ತಿತ್ತು. ಆ ನಿರಾಸೆಯನ್ನು ಗುರುತಿಸಿದ ದಿನ ಅವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು. ಬಿದ್ದರೆ ತಾನು ಹೇಳಿದ್ದು ನಿಜವೆಂದು ಗೊತ್ತಾಗುತ್ತದೆ ಎಂದು ಯಾವುದೋ ಮೂಲೆಯಲ್ಲಿ ಆಸೆಪಟ್ಟಿದ್ದ. ಯಾರಿಗೆ ಗೊತ್ತಾಗಬೇಕು? ಧಣಿಗೇ? ಧಣಿ ಊರಲ್ಲಿ ಸಕ್ಕರೆ ಕಾಯಿಲೆಯಾಗಿ ಕಾಲು ಕಳೆದುಕೊಂಡು ಮಲಗಿದ್ದರು. ಅಂದೇ ಅವನು ಸಫಾರಿ ಬಿಟ್ಟು, ಮಾಸಿದ ಅಂಗಿ ತೊಟ್ಟು ಮುಲುಂಡಿಗೆ ಹೋದ. ಮಳೆಗೆ ಜನ ಇರಲಿಲ್ಲ. ಸೋಮವ್ವ ನೀಲಿ ತಾಡಪಾಲಿನ ಕೆಳಗೆ ಬಾಳೆಹಣ್ಣು ಒರೆಸುತ್ತಿದ್ದಳು. ಅವನು ನಿಂತೇ ಹೇಳಿದ. ತಾನು ಸಾಹೇಬನಲ್ಲ, ಮೋಸಗಾರ. ಗುಳಿಗ ಸುಳ್ಳು. ಇಷ್ಟು ದಿನ ಬೇರೆ ಮರಗಳ ಬಗ್ಗೆ ಹೇಳಿದ್ದೆಲ್ಲ ಸುಳ್ಳು. ಈ ಮರ ಪೊಳ್ಳು ಎಂಬುದೊಂದು ಮಾತ್ರ ನಿಜ.

'ಸುಳ್ಳಾ ಅಂತ ನೀವಽ ಹೇಳ್ತೀರಿ. ಮತ್ತ ನಿಮ್ಮ ಮಾತು ಹ್ಯಾಂಗ ನಂಬಬೇಕರಿ ಅಣ್ಣಾ?' ಎಂದು ಸೋಮವ್ವ ನಕ್ಕಳು. ಆಮೇಲೆ ಅವನ ಮುಖ ನೋಡಿ ಪಾಪ ಎನ್ನಿಸಿತೋ ಏನೋ, ಖಾಲಿ ಡಬ್ಬವೊಂದನ್ನು ಬೋರಲು ಹಾಕಿ ಕೂರಲು ಹೇಳಿದಳು. 'ನನಗ ಗೊತ್ತೈತಿ. ಗಾಳಿ ಬಂದ ಮರುದಿನಾನಽ ಗೊತ್ತಾತು. ಬುಡದಾಗಿಂದ ದಿನಾ ಮುಂಜಾನೆ ಬೊಗಸಿ ಹುಡಿ ಬೀಳತೈತಿ. ನಾನಽ ಕಸಬರಗಿಲೆ ಹೊಡೀತೀನಿ.'

ಪೂವಪ್ಪ ಡಬ್ಬದ ಮೇಲಿಂದ ಅರ್ಧ ಎದ್ದ. 'ಗೊತ್ತಿದ್ದೂ ಕೂತದ್ದಾ?'

'ಎಲ್ಲಿ ಹೋಗ್ಲಿ? ಮರ ಐತಂತ ಇಲ್ಲಿ ಕಾರು ನಿಲ್ಲಿಸಾಕ ಬರೂದಿಲ್ಲ. ಅದಕ ನನ್ನ ಕೂಡಾಕ ಬಿಟ್ಟಾರ. ಮರ ಕಡದ್ರ ಅವತ್ತಽ ನನ್ನ ಎಬ್ಬಸ್ತಾರ. ಬಿದ್ರೂ ಎಬ್ಬಸ್ತಾರ. ಹ್ಯಾಂಗ ಮಾಡ್ಲೆವ್ವಾ ಅಂತ ಕುಂತಿದ್ನಿ, ನೀವು ಬಂದು ದೇವರು ಐತಿ ಅಂದ್ರಿ.' ಅವಳು ಗುಂಡುಕಲ್ಲಿನ ಮೇಲೆ ಬಿದ್ದ ಎಲೆಯನ್ನು ತೆಗೆದಳು. 'ಈಗ ಮರ ಬಿದ್ರೂ ಕಲ್ಲು ಇರತೈತಿ. ಕಲ್ಲು ಎಬ್ಬಸಾಕ ಯಾ ಸೆಕ್ರೆಟರಿಗೂ ಧೈರ್ಯ ಸಾಲೂದಿಲ್ಲ.'

'ನಿಮ್ಮ ಮೇಲೆಯೇ ಬಿದ್ರೆ?'

'ಬಿದ್ರ ಒಂದಽ ಸಲ ಸಾಯ್ತೀನಿ. ಜಾಗಾ ಹೋದ್ರ ದಿನಾ ಸಾಯೂದರಿ.'

ಚಾಪೆಯ ಕೆಳಗೆ ತೂರಿದವನಿಗೆ ರಂಗೋಲಿಯ ಕೆಳಗೆ ತೂರಿದವಳು ಸಿಕ್ಕಿದ್ದಳು. ಪೂವಪ್ಪನಿಗೆ ಸಿಟ್ಟು ಬಂತು. ಸಿಟ್ಟಿನ ಕೆಳಗೆ ನಾಚಿಕೆಯಿತ್ತು. ಇಷ್ಟು ದಿನ ಇವಳ ಜೀವ ತನ್ನ ಅಂಗೈಯಲ್ಲಿದೆಯೆಂದು ಒದ್ದಾಡಿದ್ದ, ಇವಳು ನೋಡಿದರೆ ಅವನ ಸುಳ್ಳನ್ನು ಮೊದಲ ದಿನವೇ ಬಿಚ್ಚಿ ನೋಡಿ, ಒಳ್ಳೆಯ ಬಟ್ಟೆಯೆಂದು ಹೊಲಿಸಿಕೊಂಡಿದ್ದಳು. ಅವನು ಏಳುವಾಗ ಸೋಮವ್ವ ಇನ್ನೊಂದು ಮಾತು ಹೇಳಿದಳು. ಜನ ದೇವಿ ಮೈಮೇಲೆ ಬರುವುದು ಯಾವಾಗ ಎಂದು ಕೇಳುತ್ತಿದ್ದಾರೆ. ತನಗೆ ವ್ಯಾಪಾರ ಬಿಟ್ಟು ಕುಣಿಯಲು ಆಗುವುದಿಲ್ಲ. 'ಮಂಗಳವಾರ ಮಧ್ಯಾಹ್ನ ಬಂದು ಸ್ವಲ್ಪ ನಡುಗಿ ಹೋಗ್ರಿ. ದೇವಿನ್ನ ತಂದಾವರು ನೀವಽ ಅಲ್ಲೇನು.' ಆಗುವುದಿಲ್ಲ ಎಂದ ಪೂವಪ್ಪ. ಅವಳು ಮುನಿಸಿಕೊಳ್ಳಲಿಲ್ಲ. 'ಆತು ಬಿಡ್ರಿ. ಸೆಕ್ರೆಟರಿ ಸಾಹೇಬ್ರು ದಿನಾ ಬರ್ತಾರ ಇಲ್ಲಿಗೆ. ಆ ಖಾಕಿ ಸಾಹೇಬ ಯಾರು, ನಿಮಗೇನರ ಗೊತ್ತೈತೇನು ಅಂತ ಕೇಳ್ತಿರ್ತಾರ' ಎಂದು ಬಾಳೆಹಣ್ಣು ಒರೆಸತೊಡಗಿದಳು.

ಮಂಗಳವಾರ ಗಾಳಿಯಿತ್ತು. ಪೂವಪ್ಪ ಸ್ಟೇಷನ್ನಿನಿಂದ ನಡೆದು ಬರುವಾಗ ಅಂಗಡಿಗಳ ತಾಡಪಾಲುಗಳು ಪಟಪಟ ಬಡಿದುಕೊಳ್ಳುತ್ತಿದ್ದವು. ನಡುಗುವುದು ಹೇಗೆಂದು ಅವನು ಚಾಳಿನ ಕನ್ನಡಿಯ ಮುಂದೆ ಪ್ರಯತ್ನಿಸಿ ನೋಡಿದ್ದ. ವಿನೋದಿನಿ ಮಲೇರಿಯಾ ಎಂದುಕೊಂಡು ಕಷಾಯ ಮಾಡಿಕೊಟ್ಟಿದ್ದಳು. ಮರದ ಕೆಳಗೆ ಜನ ಜಾತ್ರೆಯಾಗಿ ನೆರೆದಿದ್ದರು. ಧನರಾಜ ಬಿಳಿ ಪಂಚೆಯುಟ್ಟು ಜನರನ್ನು ಸಾಲಿಗೆ ನಿಲ್ಲಿಸುತ್ತಿದ್ದ. ಸುಹಾಸರೂ ಇದ್ದರು, ಹೆಂಡತಿಯ ಜೊತೆ, ಚಪ್ಪಲಿ ಬಿಟ್ಟು, ತಲೆಯ ಮೇಲೆ ಕರವಸ್ತ್ರ ಹೊದ್ದು. ಮುಖಕ್ಕೆ ಕುಂಕುಮ ಬಳಿದು ಕೆಂಪು ವಸ್ತ್ರ ಸುತ್ತಿದ ಪೂವಪ್ಪನನ್ನು ನೋಡಿ ಅವರಿಗೆ ಗುರುತು ಹತ್ತಲಿಲ್ಲ. ಸೋಮವ್ವ ಅವನ ಕೈಗೆ ಬೇವಿನ ಸೊಪ್ಪು ಕೊಟ್ಟಳು. ಅವನು ಬೊಡ್ಡೆಗೆ ಬೆನ್ನು ಕೊಟ್ಟು ನಿಂತು ಭುಜ ಕುಣಿಸಿದ, ತಲೆ ಒಲೆದ, ಬಾಯಿಂದ ಹೂಂಕಾರ ಮಾಡಿದ. ಹಿಂದಿನ ಸಾಲಿನಲ್ಲಿ ಯಾರೋ ಒಬ್ಬಳು ಆಕಳಿಸಿದಳು. ಒಬ್ಬ ರಿಕ್ಷಾದವನು, 'ನಾಟಕ್ ಹೈ' ಎಂದು ಗೆಳೆಯನ ಕಿವಿಯಲ್ಲಿ ಹೇಳಿದ್ದು ಪೂವಪ್ಪನಿಗೂ ಕೇಳಿಸಿತು. ಸುಹಾಸರು ಗಡಿಯಾರ ನೋಡಿಕೊಂಡರು. ಸುಳ್ಳಿನಲ್ಲೂ ತಾನು ಈಗ ಸಾಲದೆ ಹೋದೆನಲ್ಲ ಎಂದು ಅವನಿಗೆ ಮುಖ ಸುಟ್ಟಂತಾಯಿತು.

ಆಗ ಬೆನ್ನಿಗೆ ಅದು ಗೊತ್ತಾಯಿತು. ಮೊದಲು ಶಬ್ದವಲ್ಲ, ಬೊಡ್ಡೆಯೊಳಗೆ ಏನೋ ಸಣ್ಣಗೆ ಮಿಸುಕಿದ ಹಾಗೆ. ಆಮೇಲೆ ಪಾದದ ಕೆಳಗಿನ ಮಣ್ಣು ತುಸು ಮೇಲೆದ್ದು ಮತ್ತೆ ಕೂತಿತು. ಒಳಗೆ ಬಹಳ ಕೆಳಗೆ ಒಂದು ಬೇರು ಲಟಕ್ಕೆಂದಿತು. ಗಾಳಿ ನಿಂತು ಮತ್ತೆ ಬೀಸಿದಾಗ ಇನ್ನೊಂದು. ಪೂವಪ್ಪನ ಮೊಣಕಾಲುಗಳು ತಾವಾಗಿಯೇ ಬಡಿದುಕೊಳ್ಳತೊಡಗಿದವು. ಕೈಯ ಬೇವಿನ ಸೊಪ್ಪು ಗಲಗಲ ಅಲುಗಿತು. ಹಲ್ಲು ಕಟಕಟ ಎಂದಿತು. ಓಡಬೇಕೆಂದು ಹೆಜ್ಜೆ ಎತ್ತಿದರೆ ಕಾಲು ಬರಲಿಲ್ಲ, ಎದುರು ದಾರಿಯೂ ಇರಲಿಲ್ಲ, ಜನ ಒತ್ತಾಗಿ ನಿಂತಿದ್ದರು. 'ಓಡಿ!' ಎಂದು ಕಿರುಚಿದ. 'ಭಾಗೋ! ಮರ ಬೀಳ್ತದೆ, ಓಡಿ, ಭಾಗೋ ಯಹಾಂ ಸೇ!' ಅವನಿಗೇ ಗುರುತಿಲ್ಲದ ದನಿ ಅದು, ಗಂಟಲು ಹರಿದು ಬಂತು. ಆಕಳಿಸುತ್ತಿದ್ದವಳ ಬಾಯಿ ಹಾಗೇ ನಿಂತಿತು. ರಿಕ್ಷಾದವನು ಕೈಮುಗಿದ. 'ಈಗ ಬಂದಳು! ಪೀಡೆ ಓಡಿಸ್ತಿದ್ದಾಳೆ ನೋಡಿ, ಪೀಡೆ ಓಡಿಸ್ತಿದ್ದಾಳೆ!' ಎಂದು ಧನರಾಜ ಕೂಗಿದ. ಅವನ ಕಣ್ಣಲ್ಲೂ ನಿಜವಾದ ನೀರಿತ್ತು. ಕಲಬುರಗಿಯ ಹೆಂಗಸರು ಉಧೋ ಉಧೋ ಎಂದರು. ಇಂಥ ಬೆವರು, ಇಂಥ ಕಣ್ಣು, ಇಂಥ ನಡುಕ ನಟನೆಯಿಂದ ಬರುವಂಥದ್ದಲ್ಲವೆಂದು ಎಲ್ಲರಿಗೂ ಒಂದೇ ಸಲ ಖಾತ್ರಿಯಾಗಿತ್ತು. ಪೂವಪ್ಪನನ್ನು ಜನ ಕೊನೆಗೂ ನಂಬಿದ್ದರು. ಸೋಮವ್ವ ಒಬ್ಬಳೇ ಕೈಮುಗಿಯದೆ ಅವನ ಮುಖವನ್ನು ನೋಡಿದಳು, ಆಮೇಲೆ ನಿಧಾನವಾಗಿ ತಲೆಯೆತ್ತಿ ಮರವನ್ನು ನೋಡಿದಳು. ಸುಹಾಸರು ಹೆಂಡತಿಯ ಕೈ ಹಿಡಿದುಕೊಂಡು ಮುಂದಿನವರನ್ನು ಸರಿಸಿ ಒಂದು ಹೆಜ್ಜೆ ಹತ್ತಿರ ಬಂದರು, ಅವರ ಹಿಂದೆ ಉಳಿದವರೂ ಬಂದರು.